ಹೂವಿಲ್ಲದ ಕಾಲದ ಹೂವಿನ ವಾಸನೆ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಬಾಯಿ ತೆಗೆದರೆ ಎದ್ದು ಹೋಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳದೆ ಇರುವುದಕ್ಕೂ ಆಗುತ್ತಿಲ್ಲ. ನಗುವವರು ನಗಲಿ.

ನನ್ನ ಗಂಡ ಕಳಸದ ಹತ್ತಿರದ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ಇರುವವಳು ಒಬ್ಬಳೇ ಮಗಳು, ಪುಟ್ಟಿ. ತೀರ ಚಿಕ್ಕವಳಿದ್ದಾಗಿನಿಂದ ಅವಳಿಗೆ ಕಿಡ್ನಿ ಕಾಯಿಲೆ. ದಿನಾ ಬೆಳಿಗ್ಗೆ ಅವಳ ಮೂತ್ರವನ್ನು ಗಾಜಿನ ಟ್ಯೂಬಿಗೆ ಹಾಕಿ ಬೆಂಕಿಗೆ ಹಿಡಿದು ನೋಡಬೇಕು. ತಿಳಿಯಾಗಿದ್ದರೆ ಅವತ್ತಿಗೆ ಬದುಕಿದೆವು. ಮೊಸರಿನ ಹಾಗೆ ಬೆಳ್ಳಗಾದರೆ ಕಾಯಿಲೆ ಮರುಕಳಿಸಿತೆಂದು ಅರ್ಥ. ಮುಖ ಊದುತ್ತದೆ, ಮಂಗಳೂರಿಗೆ ಓಡಬೇಕು. ಇದಕ್ಕೆಂದೇ ಹಿತ್ತಿಲಲ್ಲಿ ಹಳೇ ಸ್ಟೌ ಒಂದನ್ನು ಇಟ್ಟುಕೊಂಡಿದ್ದೇನೆ.

ಶಾಲೆಗಳೆಲ್ಲ ಮುಚ್ಚಿದ್ದ ಕೊರೋನಾ ಕಾಲದಲ್ಲಿ ಅವಳಿಗೂ ಜ್ವರ ಬಂತು. ಜ್ವರ ಹೋಯಿತು, ಸುಸ್ತು ಹೋಗಲಿಲ್ಲ. ಜಗಲಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಕೂತುಬಿಡುತ್ತಿದ್ದಳು. ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ತಿಂಗಳುಗಟ್ಟಲೆ ಹೀಗೇ ಇದ್ದಳು.

ಅದು ಕಾಫಿ ಹಣ್ಣು ಕೊಯ್ಯುವ ಕಾಲ. ಒಂದು ಸಂಜೆ ಜಗಲಿಯಲ್ಲಿ ಕೂತಿದ್ದವಳು, "ಅಮ್ಮ, ಕಾಫಿ ಹೂವಿನ ವಾಸನೆ ಬರ್ತಿದೆ" ಎಂದಳು. ಮೂಗು ಸರಿಹೋಯಿತೆಂದು ನನಗೆ ಕುಣಿಯುವಷ್ಟು ಖುಷಿ. ಒಳಗೆ ಓಡಿ ಶುಂಠಿ ಜಜ್ಜಿ ತಂದು ಹಿಡಿದೆ, ಕಾಫಿಪುಡಿಯ ಡಬ್ಬ ತೆಗೆದು ಹಿಡಿದೆ. ಎರಡೂ ತಿಳಿಯಲಿಲ್ಲ. ಹೂವಿನದು ಮಾತ್ರ ಬರುತ್ತಿದೆಯಂತೆ. ನನ್ನ ಗಂಡ ನಕ್ಕರು.

"ಹಣ್ಣು ಕೊಯ್ಯೋ ಹೊತ್ತಲ್ಲಿ ಎಂಥ ಹೂವು ಮಾರಾಯ್ತಿ? ಬೇಸಿಗೇಲಿ ಹೂಮಳೆ ಬೀಳದೆ ಗಿಡ ಹೂ ಬಿಡ್ತದಾ?"

ಅವತ್ತು ಬೆಳಿಗ್ಗೆ ಟ್ಯೂಬು ತಿಳಿಯಾಗಿಯೇ ಇತ್ತು. ಮರುದಿನ ನೋಡಿದರೆ ಬೆಳ್ಳಗೆ ಮೊಸರು.

ಮಂಗಳೂರಿನ ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಆ ಜ್ವರದ ನಂತರ ಕೆಲವರಿಗೆ ಇಲ್ಲದ ವಾಸನೆ ಬರುವುದುಂಟಂತೆ. ಕಾಯಿಲೆ ಮರುಕಳಿಸುವುದೂ ಉಂಟಂತೆ. ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲವಂತೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂದು ನಾನೂ ಒಪ್ಪಿಕೊಂಡೆ.

ಮಳೆಗಾಲದಲ್ಲಿ ಒಂದು ದಿನ ಪುಟ್ಟಿ ಊಟ ಮಾಡುತ್ತಿದ್ದವಳು ಕೈ ನಿಲ್ಲಿಸಿದಳು. ಮತ್ತೆ ಅದೇ ವಾಸನೆಯಂತೆ. ನಾನು ಬ್ಯಾಗಿಗೆ ಬಟ್ಟೆ ತುಂಬಿದೆ. ಟ್ಯೂಬು ತಿಳಿಯಾಗಿದೆ, ಡಾಕ್ಟರಿಗೆ ಏನಂತ ಹೇಳುತ್ತೀ ಎಂದು ಗಂಡ ರೇಗಿದರು. ನಾನೂ ರೇಗಿ ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲೂ ಅವತ್ತಿನ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ನನ್ನ ಹಟಕ್ಕೆ ಒಂದು ರಾತ್ರಿ ಉಳಿಸಿಕೊಂಡರು. ಬೆಳಗಿನ ಪರೀಕ್ಷೆಯಲ್ಲಿ ಇತ್ತು. ಮುಖ ಊದುವ ಮೊದಲೇ ಔಷಧಿ ಶುರುವಾಯಿತು. ಇಷ್ಟು ಬೇಗ ಹೇಗೆ ಗೊತ್ತಾಯಿತು ಎಂದು ಡಾಕ್ಟರು ಕೇಳಿದರು. ಮಗು ಸಪ್ಪಗಿತ್ತು ಎಂದೆ. ಮತ್ತೇನು ಹೇಳಲಿ?

ಈಗ ಅವಳಿಗೆ ಎಲ್ಲ ವಾಸನೆಯೂ ತಿಳಿಯುತ್ತದೆ. ಅದೇ ನನಗೆ ಕಷ್ಟವಾಗಿದೆ. ಈ ವರ್ಷ ಹೂಮಳೆ ಚೆನ್ನಾಗಿ ಬಿತ್ತು, ಗುಡ್ಡವೆಲ್ಲ ಬೆಳ್ಳಗಾಯಿತು. ಒಳ್ಳೆ ಫಸಲು ಬರುತ್ತದೆಂದು ಗಂಡ ಹಿಗ್ಗುತ್ತಿದ್ದರು. ಪುಟ್ಟಿ ಬಂದು ನನ್ನ ಕೈ ಹಿಡಿದುಕೊಂಡಳು.

"ಅಮ್ಮ, ಈ ವಾಸನೆ ನಿಂಗೂ ಬರ್ತಿದೆಯಾ?"

"ಬರ್ತಿದೆ ಪುಟ್ಟಿ, ಎಲ್ರಿಗೂ ಬರ್ತಿದೆ" ಎಂದೆ. ಅವಳು ಸಮಾಧಾನದಿಂದ ಆಡಲು ಹೋದಳು. ಆದರೆ ಈ ಹೂವಿನ ನಡುವೆ ಆ ಇನ್ನೊಂದು ವಾಸನೆ ಬಂದರೆ ಅವಳಿಗಾದರೂ ಹೇಗೆ ತಿಳಿಯಬೇಕು? ಇಡೀ ಎಸ್ಟೇಟಿನಲ್ಲಿ, ಈ ಹೂವು ಬೇಗ ಉದುರಿಹೋಗಲಿ ಎಂದು ಬೇಡಿಕೊಳ್ಳುತ್ತಿರುವವಳು ನಾನೊಬ್ಬಳೇ ಇರಬೇಕು.