ಅತ್ತೆ ಕಾಫಿ ಬಿಟ್ಟ ಡಿಸೆಂಬರ್

ಮಗಳ ಕಾಲೇಜಿನ ಟೀಮು ಫೈನಲ್‌ಗೆ ಹೋಗದಿರಲಿ ಎಂದು ನಾನು ಹರಕೆ ಹೊತ್ತಿದ್ದೆ. ಹೆತ್ತ ತಾಯಿ ಮಾಡುವ ಕೆಲಸವೇ ಇದು ಎಂದು ಯಾರಾದರೂ ಕೇಳಬಹುದು. ಆದರೆ 2003ರ ಡಿಸೆಂಬರಿನ ಆ ಭಾನುವಾರ ಬೆಳಿಗ್ಗೆ, ಕ್ಯಾಲಿಫೋರ್ನಿಯಾದ ರಾಂಚೊ ಬರ್ನಾರ್ಡೊದ ನಮ್ಮ ಅಡುಗೆಮನೆಯಲ್ಲಿ ಗಣಪತಿ ಫೋಟೋದ ಮುಂದೆ ನಿಂತು, "ಇಪ್ಪತ್ತೊಂದು ಈಡುಗಾಯಿ ಒಡೀತೀನಪ್ಪಾ, ಅವರನ್ನ ಫೈನಲ್‌ಗೆ ಮಾತ್ರ ಕಳಿಸಬೇಡ" ಎಂದು ಬೇಡಿಕೊಂಡದ್ದು ನಿಜ.

ಮಗಳು ಲಾಸ್ ಏಂಜಲಿಸ್‌ನ ಯೂನಿವರ್ಸಿಟಿಯೊಂದರಲ್ಲಿ ಓದುತ್ತಿದ್ದಳು. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಟೀಮಿನ ಜೊತೆ ಹೋಗುವ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದಳು. ಮೈಸೂರಿನಿಂದ ಒಂದು ತಿಂಗಳಿಗೆಂದು ಬಂದಿದ್ದ ನಮ್ಮತ್ತೆಗೆ ಅದನ್ನು ಕಣ್ಣಾರೆ ನೋಡುವ ಆಸೆ. ಕಣ್ಣಾರೆ ಎಂದು ಸುಮ್ಮನೆ ಬರೆಯುತ್ತಿಲ್ಲ. ಅವರ ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ಹೆಚ್ಚೆಂದರೆ ಒಂದು ವರ್ಷ ಎಂದು ಊರಿನ ಡಾಕ್ಟರು ಹೇಳಿಬಿಟ್ಟಿದ್ದರು. ಲಾಸ್ ಏಂಜಲಿಸ್‌ನಲ್ಲಿ ನಡೆದ ಕೊನೆಯ ಪಂದ್ಯದ ದಿನ ಅವರಿಗೆ ಜ್ವರ. ಜನವರಿ ಎರಡಕ್ಕೆ ವಾಪಸ್ ಟಿಕೆಟ್. ಟೀಮು ಫೈನಲ್‌ಗೆ ಹೋದರೆ ಬ್ಯಾಂಡೂ ಜೊತೆಗೆ, ಆಟ ನಡೆಯುವ ದೂರದ ನ್ಯೂ ಆರ್ಲಿಯನ್ಸ್‌ಗೆ ಹೋಗುತ್ತದೆ. ಆ ಪಂದ್ಯದ ಹೊತ್ತಿಗೆ ಅತ್ತೆ ಊರಿನ ದಾರಿ ಹಿಡಿದಿರುತ್ತಾರೆ. ಫೈನಲ್ ತಪ್ಪಿದರೆ ಹೊಸವರ್ಷದ ದಿನ ಪ್ಯಾಸಡೀನಾದಲ್ಲೇ ಆಟ, ನಮ್ಮ ಮನೆಯಿಂದ ಎರಡು ಗಂಟೆ ಡ್ರೈವ್.

ಆ ಫೈನಲ್‌ಗೆ ಆರಿಸುವ ರೀತಿಯಾದರೂ ಎಂಥದ್ದು ಅಂತೀರಿ! ಕ್ವಾರ್ಟರ್ ಫೈನಲ್ ಇಲ್ಲ, ಸೆಮಿಫೈನಲ್ ಇಲ್ಲ. ಪತ್ರಕರ್ತರು ಒಂದು ಕಡೆ ವೋಟು ಹಾಕುತ್ತಾರೆ, ಕೋಚ್‌ಗಳು ಇನ್ನೊಂದು ಕಡೆ. ಅದರ ಮೇಲೆ ಒಂದಷ್ಟು ಕಂಪ್ಯೂಟರುಗಳು ಯಾರು ಯಾರನ್ನು ಸೋಲಿಸಿದರು ಎಂದು ಲೆಕ್ಕ ಹಾಕುತ್ತವೆ. ಎಲ್ಲ ಕೂಡಿಸಿ ಮೊದಲ ಎರಡು ಸ್ಥಾನ ಬಂದವರಿಗೆ ಫೈನಲ್. ಮೂರನೆಯವರು ಬೇರೆಲ್ಲೋ ಆಡಿಕೊಂಡು ಸಮಾಧಾನಪಡಬೇಕು. "ಇದೇನು ಆಟವೋ ಮೆಡಿಕಲ್ ಸೀಟೋ?" ಎಂದು ನಾನು ರೇಗಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

ಆ ವಾರವಿಡೀ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಅತ್ತೆ ನನ್ನ ಕಾಫಿ ಮುಟ್ಟುತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲ ಕುಡಿಯುವವರು, "ಯಾಕೋ ಬೇಡ ಕಣೇ, ಹೊಟ್ಟೆ ಉರಿ" ಎನ್ನುತ್ತಿದ್ದರು. ನಾನು ಇಂಡಿಯನ್ ಅಂಗಡಿಗಳಿರುವ ಆರ್ಟೀಸಿಯಾವರೆಗೆ ಹೋಗಿ ಚಿಕೋರಿ ಹಾಕಿದ ಪುಡಿ ತಂದಿದ್ದೆ. ಫಿಲ್ಟರಿನಲ್ಲಿ ಉಳಿದ ಡಿಕಾಕ್ಷನ್ನು ಸಿಂಕಿಗೆ ಸುರಿಯುವಾಗ, ಇಪ್ಪತ್ತು ವರ್ಷ ಆದರೂ ನನ್ನ ಕೈರುಚಿ ಇವರಿಗೆ ಹಿಡಿಸಲಿಲ್ಲವಲ್ಲ ಎಂದು ಮೈ ಉರಿಯುತ್ತಿತ್ತು.

ಮಧ್ಯಾಹ್ನ ಟಿವಿ ಮುಂದೆ ಕೂತೆವು. ಮಗಳು ಮನೆಗೆ ಬಂದಿದ್ದಳು. ಎರಡೂ ವೋಟುಗಳಲ್ಲಿ ಅವರ ಟೀಮೇ ಮೊದಲು. "ಅಜ್ಜೀ, ವಿ ಆರ್ ನಂಬರ್ ವನ್!" ಎಂದು ಅಜ್ಜಿಯ ಕೈ ಹಿಡಿದು ಕುಣಿದಳು. ಆಮೇಲೆ ಕಂಪ್ಯೂಟರುಗಳ ಲೆಕ್ಕವೂ ಸೇರಿದ ಪಟ್ಟಿ ಬಂತು. ಅವರ ಟೀಮು ಮೂರನೆಯದು.

ಮಗಳು ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಬಿಕ್ಕುವುದು ಹೊರಗೆ ಕೇಳಿಸುತ್ತಿತ್ತು. ನಾನು ಬೇಡಿಕೊಂಡದ್ದೇ ಆಗಿತ್ತು.

"ಎಲ್ಲರೂ ಮೊದಲು ಅಂದ್ರೂ ಆ ಹಾಳು ಕಂಪ್ಯೂಟರ್ ಮೂರನೇದು ಅಂತಾ?" ಅತ್ತೆ ಟಿವಿಯತ್ತ ಕೈ ಮಾಡಿ ರೇಗಿದರು. "ಮಗು ಚಾಂಪಿಯನ್ ಆಗೋವರೆಗೂ ಕಾಫಿ ಮುಟ್ಟಲ್ಲ ಅಂತ ಗಣಪತಿಗೆ ಹೇಳ್ಕೊಂಡಿದ್ದೆ ಕಣೇ."

ಒಂದೇ ಅಡುಗೆಮನೆಯಲ್ಲಿ, ಒಂದೇ ಗಣಪತಿಗೆ, ಅವರೊಂದು ಕೇಳಿದ್ದರು, ನಾನೊಂದು ಕೇಳಿದ್ದೆ.

ಹೊಸವರ್ಷದ ದಿನ ಪ್ಯಾಸಡೀನಾಕ್ಕೆ ಹೋದೆವು. ಬ್ಯಾಂಡು ಮೈದಾನಕ್ಕೆ ಇಳಿದಾಗ ಎಲ್ಲರದೂ ಒಂದೇ ಉಡುಪು, ಒಂದೇ ಟೋಪಿ. ನನಗೇ ಗುರುತು ಸಿಗಲಿಲ್ಲ. ಅತ್ತೆ ಬೈನಾಕ್ಯುಲರನ್ನು ಒಳ್ಳೆಯ ಕಣ್ಣಿಗೆ ಒತ್ತಿಕೊಂಡು ತುಂಬ ಹೊತ್ತು ಹುಡುಕಿದರು. ಸಿಗದೇ ಹೋದರೆ ಏನು ಗತಿ ಎಂದು ನಾನೂ ಸಾಲುಸಾಲಾಗಿ ಹುಡುಕತೊಡಗಿದೆ. "ಅಗೋ! ಎಡಗಾಲು ಹೊರಗೆ ಎಸೀತಾಳೆ ನೋಡು. ಥೇಟ್ ಅವಳ ತಾತನ ನಡಿಗೆ!" ಎಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದರು.

ಟೀಮು ಗೆದ್ದಿತು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. "ಇನ್ನೂ ಚಾಂಪಿಯನ್ ಆಗಿಲ್ವಲ್ಲ" ಎಂದು ಲೋಟ ಹಿಂದಕ್ಕೆ ತಳ್ಳಿದರು.

ಮಾರನೆಯ ದಿನ ಏರ್‌ಪೋರ್ಟಿಗೆ ಹೋಗುವಾಗ ಕಾರಿನಲ್ಲಿ ನಾವಿಬ್ಬರೇ. ತಡೆಯಲಾಗಲಿಲ್ಲ, ನನ್ನ ಹರಕೆಯ ವಿಷಯ ಹೇಳಿಬಿಟ್ಟೆ.

"ನನ್ನ ಒಂದು ಕಣ್ಣಿಗೋಸ್ಕರ ಮಗೂನ ಅಳಿಸಿದ್ಯಾ?" ಎಂದರು ಅತ್ತೆ. ಅಷ್ಟೇ. ಸೆಕ್ಯೂರಿಟಿ ಗೇಟಿನಲ್ಲಿ ತಮ್ಮ ಬ್ಯಾಗು ತಾವೇ ಎತ್ತಿಕೊಂಡು ಒಳಗೆ ಹೋದರು. ತಿರುಗಿಯೂ ನೋಡಲಿಲ್ಲ. ನಾನು ಪಾರ್ಕಿಂಗಿನಲ್ಲಿ ಸ್ಟಿಯರಿಂಗ್ ಹಿಡಿದು ಗೊಳೋ ಎಂದು ಅತ್ತುಬಿಟ್ಟೆ.

ಎರಡು ದಿನಕ್ಕೆ ಫೈನಲ್ ಮುಗಿಯಿತು. ಅದನ್ನು ಗೆದ್ದವರು ಚಾಂಪಿಯನ್. ಆದರೆ ಪತ್ರಕರ್ತರು ಹಟ ಬಿಡಲಿಲ್ಲ, ತಮ್ಮ ವೋಟನ್ನು ನಮ್ಮ ಹುಡುಗರಿಗೇ ಹಾಕಿ ಅವರನ್ನೂ ಚಾಂಪಿಯನ್ ಎಂದು ಸಾರಿದರು. ಒಂದೇ ವರ್ಷಕ್ಕೆ ಇಬ್ಬರು ಚಾಂಪಿಯನ್‌ಗಳು! ಮಗಳು ಫೋನಿನಲ್ಲಿ ನಗುತ್ತಾ ಕಿರುಚಿದಳು.

ಅಂಜುತ್ತಂಜುತ್ತ ಮೈಸೂರಿಗೆ ಫೋನ್ ಮಾಡಿದೆ.

"ಅತ್ತೆ, ಮಗು ಟೀಮು ಚಾಂಪಿಯನ್ ಆಯ್ತು. ಅರ್ಧ."

"ಅರ್ಧ ಅಂದ್ರೆ?"

ವಿವರಿಸಿದೆ.

"ಹಾಗಾದ್ರೆ ಈಗ ಅರ್ಧ ಲೋಟ ಕುಡೀತೀನಿ" ಎಂದರು ಅತ್ತೆ. "ಇನ್ನರ್ಧ, ನೀನು ಮಗೂಗೆ ನಿಜ ಹೇಳಿದ ಮೇಲೆ."

ಆ ಶನಿವಾರ ಬೆಳಿಗ್ಗೆ ಒಬ್ಬಳೇ ಲಾಸ್ ಏಂಜಲಿಸ್‌ಗೆ ಹೊರಟೆ. ಕಾರಿನ ಡಿಕ್ಕಿಯಲ್ಲಿ ಇಪ್ಪತ್ತೊಂದು ತೆಂಗಿನಕಾಯಿ ಇದ್ದವು.