ನಲವತ್ತೆರಡಕ್ಕೆ ನಾನು ಹೊರಡಲಿಲ್ಲ

ನಿಮ್ಮ ಕಡೆ ಥಂಡಿ ಎಲ್ಲಿಂದ ಬರಬೇಕು ಎಂದು ನಗುವವರಿಗೆ ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. ಬೇಸಿಗೆಯಲ್ಲಿ ಬಂದು ಬೆವರು ಒರೆಸಿಕೊಂಡು ಹೋದವರಿಗೆ ಆಳಂದವೆಂದರೆ ಬಿಸಿಲು, ಅಷ್ಟೇ. ಡಿಸೆಂಬರಿನ ಬೆಳಗಿನ ಆರಕ್ಕೆ ಮಾದನಹಿಪ್ಪರಗಾದಲ್ಲಿ ಆಳಂದದ ಬಸ್ಸಿಗೆ ಕಾದು ನಿಂತು ನೋಡಲಿ. ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಕಲ್ಲಾಗಿರುತ್ತದೆ, ಒಲೆಯ ಪಕ್ಕ ಇಟ್ಟು ಕರಗಿಸಿಕೊಳ್ಳದೆ ಜಡೆ ಹಾಕಿಕೊಳ್ಳುವಂತಿಲ್ಲ. ಇಂಜಿನ್ನಿನ ಎಣ್ಣೆ ಹಾಗೆ ಕಲ್ಲಾಗುವುದಿಲ್ಲ, ಆದರೆ ಮಂದವಾಗುತ್ತದೆ. ಹೋಗಬೇಕಾದ ಸಂದಿಗೆ ಹೋಗಬೇಕಾದ ಹೊತ್ತಿಗೆ ಹೋಗುವುದಿಲ್ಲ. ಇದನ್ನು ನಾನು ವಿಮಾನ ನೋಡಿ ಕಲಿತದ್ದಲ್ಲ, ಅವ್ವನ ಟ್ರ್ಯಾಕ್ಟರ್ ನೋಡಿ ಕಲಿತದ್ದು.

ಹೌದು, ಟ್ರ್ಯಾಕ್ಟರ್ ಅವ್ವನದೇ. ಅಪ್ಪ ಆಳಂದದ ತೊಗರಿ ಅಡತಿ ಅಂಗಡಿಯಲ್ಲಿ ತೂಕ ನೋಡುತ್ತಿದ್ದರು, ಸ್ಟಿಯರಿಂಗ್ ಹಿಡಿಯುವವಳು ಅವ್ವ. ಥಂಡಿ ದಿನಗಳಲ್ಲಿ ಅವಳು ರೇಡಿಯೇಟರಿನ ಮುಂದೆ ಒಂದು ತಟ್ಟು ಕಟ್ಟುತ್ತಿದ್ದಳು, ಹಳೆಯ ಜೋಳದ ಗೋಣಿಚೀಲ. ತಣ್ಣನೆ ಗಾಳಿ ಬಡಿಯದಿದ್ದರೆ ಇಂಜಿನ್ ಬೇಗ ಬಿಸಿಯಾಗುತ್ತದೆ. ಹೊಲ ಮುಟ್ಟಿ ಎರಡು ಸಾಲು ಹೊಡೆಯುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಆಗ ಬದುವಿನ ಪಕ್ಕ ನಿಲ್ಲಿಸಿ, ಇಳಿದು, ತಟ್ಟು ಕಿತ್ತು ಸೀಟಿನ ಕೆಳಗೆ ತುರುಕುತ್ತಿದ್ದಳು. ನಮ್ಮೂರಲ್ಲಿ ಎಲ್ಲರೂ ಮಾಡುವುದು ಹೀಗೆಯೇ.

ಜೇವರ್ಗಿ ದಾಟಿ ಕೊಳಕೂರದ ಕಡೆ ಹೋದರೆ ತೊಗರಿ ಹೊಲಗಳ ನಡುವೆ ಯಾರೋ ಸ್ಥಿತಿವಂತರು ಹಾಕಿಸಿದ್ದ ಚಿಕ್ಕ ರನ್‌ವೇ ಇತ್ತು. ಅಲ್ಲಿ ಹಾರಾಟ ಕಲಿಸುವ ಸಣ್ಣ ಶಾಲೆ, ಅದರಲ್ಲಿ ಎರಡೇ ಸೀಟಿನ ಹಗುರ ವಿಮಾನ. ನಾನು ಅಲ್ಲಿ ಕಲಿಯಲು ಸೇರಿದೆ. ಕಲಿಸುವವರು ಅಫಜಲಪುರದವರು, ಬಹಳ ವರ್ಷ ಹೊರಗೆ ವಿಮಾನ ಹಾರಿಸಿ ವಯಸ್ಸಾದ ಮೇಲೆ ಊರ ಕಡೆ ಬಂದವರು. ನಾವೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು. ಹಾರಿಸುವುದರಲ್ಲಿ ಅವರ ಕೈ ಬಲು ಚಂದ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ನನ್ನದೂ ಅಲ್ಲೇ ಇತ್ತೆನ್ನಿ.

ಆ ವಿಮಾನದ ಪುಸ್ತಕದಲ್ಲಿ ಒಂದು ಮಾತು ಸ್ಪಷ್ಟವಾಗಿ ಬರೆದಿತ್ತು: ಎಣ್ಣೆ ಐವತ್ತು ಡಿಗ್ರಿ ಮುಟ್ಟುವ ತನಕ ನೆಲ ಬಿಡಬಾರದು. ಮೇಲಿನ ಮಿತಿ ನೂರಾ ಮೂವತ್ತು. ಥಂಡಿಯ ಬೆಳಗಿನಲ್ಲಿ ಐವತ್ತು ಮುಟ್ಟುವುದೆಂದರೆ ಪ್ರಾಣಸಂಕಟ. ಇಂಜಿನ್ ಚಾಲೂ ಮಾಡಿ, ಎಣ್ಣೆಯ ಬಿಸಿ ತೋರಿಸುವ ಸೂಜಿಯ ಮುಖ ನೋಡುತ್ತ ಸುಮ್ಮನೆ ಕೂರಬೇಕು. ನನಗೆ ಕೂರಲಾಗಲಿಲ್ಲ. ಒಂದು ದಿನ ಯಾರನ್ನೂ ಕೇಳದೆ ಬಿಸ್ಕತ್ತಿನ ಡಬ್ಬಿಯ ರಟ್ಟು ಕತ್ತರಿಸಿ, ವಿಮಾನದ ಮೂಗಿನಡಿ ಎಣ್ಣೆ ತಣಿಸುವ ಜಾಲರಿಯನ್ನು ಪೂರ್ತಿ ಮುಚ್ಚಿ, ಟೇಪು ಬಡಿದೆ. ಐವತ್ತು ಬೇಗನೆ ಬಂತು. ನನಗೋ ಹಿಗ್ಗು.

ಹಿಗ್ಗು ಉಳಿದದ್ದು ಎರಡು ಸಾವಿರ ಅಡಿಯವರೆಗೆ ಮಾತ್ರ. ಪಕ್ಕದ ಸೀಟಿನಲ್ಲಿ ಸರ್ ಇದ್ದರು; ಮೇಲೆ ಹೋದ ಮೇಲೂ ಸೂಜಿ ಏರುತ್ತಲೇ ಇತ್ತು. ನೂರು, ನೂರಾ ಹತ್ತು, ನೂರಾ ಇಪ್ಪತ್ತು. ಅಲ್ಲಿ ನಿಲ್ಲಿಸಲು ಬದುವಿಲ್ಲ, ಇಳಿದು ಕೀಳಲು ನೆಲವಿಲ್ಲ. ಟ್ರ್ಯಾಕ್ಟರಿನ ಬುದ್ಧಿಯನ್ನು ನಾನು ಹಾಗೇ ಆಕಾಶಕ್ಕೆ ಎತ್ತಿಕೊಂಡು ಹೋಗಿದ್ದೆ. ಕೊನೆಗೆ ಹೇಳಿದೆ, "ಸರ್, ನಾ ಜಾಲರಿಗಿ ರಟ್ಟ ಹಚ್ಚೀನ್ರಿ."

ಅವರು ಇಂಜಿನ್ನಿನ ಶಕ್ತಿ ಇಳಿಸಿ, ವಿಮಾನ ತಿರುಗಿಸಿ ಇಳಿಸಿದರು. ಇಳಿದಾಗ ಸೂಜಿ ನೂರಾ ಇಪ್ಪತ್ತೆಂಟರಲ್ಲಿತ್ತು. ಆಮೇಲೆ ಎಲ್ಲ ಹುಡುಗರ ಮುಂದೆ ಬೈಯಲು ಶುರು ಮಾಡಿದರು.

"ಇದೇನು ನಿಮ್ಮವ್ವನ ಟ್ರ್ಯಾಕ್ಟರ್ ಅಂತ ತಿಳದೀಯೇನು? ಇನ್ನ ಮ್ಯಾಲ ಈ ಜಾಲರಿಗಿ ಯಾರೂ ಒಂದ ಚೂರೂ ಟೇಪ್ ಹಚ್ಚಂಗಿಲ್ಲ!"

ತಪ್ಪು ನನ್ನದೇ. ಅದಕ್ಕೆ ನೆಪ ಹೇಳಲಾರೆ. ಹಾರುವ ಮುಂಚೆ ವಿಮಾನದ ಸುತ್ತ ತಿರುಗಿ ನೋಡುವುದು ಅವರ ಕೆಲಸವೂ ಆಗಿತ್ತು, ಅಂದು ಅವರು ನೋಡಿರಲಿಲ್ಲ. ಆ ಮಾತನ್ನು ನಾನು ನುಂಗಿಕೊಂಡೆ. ನನ್ನ ತರಬೇತಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಷರಾ ಬಿತ್ತು. ಅಲ್ಲಿ ಎರಡು ಕೆಂಪು ಷರಾ ಬಿದ್ದರೆ ಮನೆಗೆ ಕಳಿಸುತ್ತಿದ್ದರು. ಹುಡುಗರು ನನಗೆ 'ತಟ್ಟಿನಕಿ', ಅಂದರೆ ತಟ್ಟು ಕಟ್ಟುವವಳು, ಎಂದು ಹೆಸರಿಟ್ಟರು. ಹಾಗೆ ಕರೆದಾಗಲೆಲ್ಲ ನಾನು ಓ ಎನ್ನುತ್ತಿದ್ದೆ. ಗೋಣಿಚೀಲ ಕಟ್ಟುವುದು ನಾಚಿಕೆಯ ಕೆಲಸವಲ್ಲ, ಕೀಳುವ ದಾರಿ ಯೋಚಿಸದೆ ಕಟ್ಟಿದ್ದು ನಾಚಿಕೆ.

ಆಮೇಲೆ ವಿಮಾನದ ಪುಸ್ತಕವನ್ನು ಮೊದಲಿಂದ ಓದಿದೆ. ಥಂಡಿಯಲ್ಲಿ ಜಾಲರಿಯ ಒಂದು ಭಾಗ ಮಾತ್ರ ಮುಚ್ಚಬಹುದು, ಎಷ್ಟು ಎಂಬುದನ್ನೂ ಅದರಲ್ಲೇ ಬರೆದಿತ್ತು. ತೋರಿಸಿದೆ. ಸರ್ ನೋಡಲೂ ಇಲ್ಲ, ಟೇಪು ಎಂಬ ಶಬ್ದವೇ ಅವರಿಗೆ ಬೇಡವಾಗಿತ್ತು. ಸರಿ, ಹಾಗಾದರೆ ಕಾಯುವುದೊಂದೇ ದಾರಿ ಎಂದು ನಾನು ಕಾಯುವುದನ್ನು ಕಲಿತೆ.

ನಾನು ಒಬ್ಬಳೇ ಹಾರುವ ದಿನ ಎಳ್ಳ ಅಮಾವಾಸ್ಯೆಯಂದೇ ಬಂತು. ಆ ದಿನ ನಮ್ಮ ಸೀಮೆಯಲ್ಲಿ ಮನೆಯಲ್ಲಿ ಯಾರಿರುತ್ತಾರೆ? ಬಜ್ಜಿ, ಕಡುಬು, ಸಜ್ಜೆ ರೊಟ್ಟಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಬೆಳೆಗೆ ನೈವೇದ್ಯ ಎರಚಿ ಅಲ್ಲೇ ಕುಳಿತು ಉಣ್ಣುತ್ತಾರೆ. ಸರ್ ಅವರ ಮನೆಯವರೂ ಅಫಜಲಪುರದ ಹೊಲದಲ್ಲಿ ಅವರ ದಾರಿ ಕಾಯುತ್ತಿದ್ದರು. ಮಧ್ಯಾಹ್ನದೊಳಗೆ ಮುಟ್ಟುತ್ತೇನೆಂದು ಫೋನಿನಲ್ಲಿ ಎರಡು ಸಲ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ನನ್ನ ಹಿಂದೆ ಇನ್ನಿಬ್ಬರ ಸರದಿ ಇತ್ತು. ಮೊದಲು ನನ್ನ ಜೊತೆ ಒಂದು ಸುತ್ತು ಹಾರುವುದು, ಸರಿ ಕಂಡರೆ ಅವರು ಇಳಿದು ನನ್ನನ್ನು ಒಬ್ಬಳನ್ನೇ ಕಳಿಸುವುದು, ಹೀಗೆ ಮಾತಾಗಿತ್ತು.

ಆ ಚಳಿಗಾಲದಲ್ಲೇ ಅಷ್ಟು ಥಂಡಿಯ ಬೆಳಗು ಇನ್ನೊಂದಿರಲಿಲ್ಲ. ರನ್‌ವೇ ತುದಿಗೆ ಹೋಗಿ ನಿಂತೆವು. ಎಷ್ಟು ಹೊತ್ತು ನಿಂತರೂ ಸೂಜಿ ನಲವತ್ತೆರಡು ಬಿಟ್ಟು ಕದಲಲಿಲ್ಲ.

"ಹ್ಞೂಂ, ಹೊರಡು," ಎಂದರು ಸರ್.

"ಐವತ್ತ ಆಗಿಲ್ರಿ ಸರ್."

"ಇಂಜಿನ್ ಎಷ್ಟ ಚಂದ ಓಡಾಕತ್ತದ, ಕೇಳಸವಲ್ದೇನು ನಿನಗ?"

"ಕೇಳಸ್ತದ್ರಿ. ಪುಸ್ತಕದಾಗ ಐವತ್ತ ಅದ್ರಿ."

"ಪುಸ್ತಕ ಬರದವ್ರು ಹಿಮಾ ಬೀಳೋ ದೇಶದಾಗ ಕುಂತ ಬರದಾರ. ಇದು ಜೇವರ್ಗಿ ಅದ. ನಡಿ."

ನಾನು ಶಕ್ತಿ ಏರಿಸುವ ಥ್ರಾಟಲ್ ಮೇಲಿನ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಅಂಜಿಕೆಯಿತ್ತು, ಸುಳ್ಳೇಕೆ ಹೇಳಲಿ. ಅಂಜಿಕೆ ಸೂಜಿಯದಲ್ಲ, ಆ ಕೆಂಪು ಶಾಯಿಯದು. ಇನ್ನೊಂದು ಷರಾ ಬಿದ್ದರೆ ಸಂಜೆಯ ಬಸ್ಸಿಗೆ ನಾನು ಊರಲ್ಲಿರುತ್ತಿದ್ದೆ, ಮತ್ತೆ ಈ ಸೀಟು ನನಗಿಲ್ಲ. ಆದರೆ ಹಿಂದಿನ ಸಲ ನಾನು ಎಣ್ಣೆಯ ಮಾತು ಕೇಳದೆ ತಪ್ಪು ಮಾಡಿದ್ದೆ. ಅದಕ್ಕಾಗಿ ಬೈಸಿಕೊಂಡೆ, ನಗೆಗೀಡಾದೆ. ಇಷ್ಟೆಲ್ಲ ಆದ ಮೇಲೆ ಅದೇ ತಪ್ಪನ್ನು ಈಗ ಇನ್ನೊಬ್ಬರ ಅವಸರಕ್ಕೆ ಮಾಡಬೇಕೆ?

"ನಾ ಹೊರಡಂಗಿಲ್ರಿ," ಎಂದೆ.

"ಎರಡನೇ ಷರಾ ಬೀಳ್ತದ ನೋಡು. ಗಂಟುಮೂಟೆ ಕಟ್ಟಬೇಕಾಗ್ತದ."

"ಬರೀರಿ ಸರ್."

ಅವರು ನಿಜವಾಗಿಯೂ ನನ್ನ ತರಬೇತಿ ಪುಸ್ತಕ ತೆಗೆದು, ಕೆಂಪು ಪೆನ್ನಿನ ಟೋಪಿ ಬಾಯಲ್ಲಿ ಕಚ್ಚಿ ಬರೆದರು: ಹೇಳಿದ ಮಾತು ಕೇಳಲಿಲ್ಲ. ಇಂಜಿನ್ ಓಡುತ್ತಲೇ ಇತ್ತು. ನಾನು ಹೇಳಿದೆ, "ಅದರ ಬಾಜೂಕ ಎಣ್ಣಿ ಎಷ್ಟ ಡಿಗ್ರಿ ಇತ್ತು ಅಂತನೂ ಬರೀರಿ ಸರ್."

"ಏನಂದಿ?"

"ನೀವು ಹೊರಡು ಅಂದ್ರಿ, ನಾ ಒಲ್ಲೆ ಅಂದೆ. ಆವಾಗ ಎಣ್ಣಿ ಎಷ್ಟ ಇತ್ತು? ಅದನ್ನೂ ನಿಮ್ಮ ಕೈಲೇನೇ ಬರೀರಿ. ಆಮ್ಯಾಗ ನಾ ಇಲ್ಲಿಂದ ಸುಮ್ಮನ ಹೋಗ್ತೇನಿ."

ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಕಪಾಳಕ್ಕೆ ಹೊಡೆಯುತ್ತಾರೆಂದೇ ಅಂದುಕೊಂಡೆ. ಆದರೆ ಅವರು ಸೂಜಿಯ ಕಡೆ ಬಗ್ಗಿದರು. ಒಂದು ಮಾತು ಅವರ ಬಗ್ಗೆ ಹೇಳಲೇಬೇಕು, ಅವರು ಸುಳ್ಳು ಬರೆಯುವ ಮನುಷ್ಯರಲ್ಲ. ನಲವತ್ತೆರಡು ಎಂದು ಬರೆದರು. ಬರೆದು, ತಾವೇ ಬರೆದ ಸಾಲನ್ನು ತಾವೇ ಓದಿದರು. ಬಾಯಲ್ಲಿ ಹೇಳಿದಾಗ ಅದು ಅವಸರವಾಗಿತ್ತು, ಕಾಗದದ ಮೇಲೆ ಮಾತ್ರ ಅವರ ತಪ್ಪಾಗಿ ಕಂಡಿತು.

ಅವರ ಜೇಬಿನಲ್ಲಿ ಫೋನು ಗುಂಯ್ ಎಂದಿತು, ತೆಗೆಯಲಿಲ್ಲ. ಆಮೇಲೆ, ಮಾತು ಕೇಳಲಿಲ್ಲ ಎಂಬ ಮೊದಲ ಸಾಲಿನ ಮೇಲೆ ಗೆರೆ ಎಳೆದರು. ಅಂಕಿಯನ್ನು ಹಾಗೇ ಬಿಟ್ಟು ಕೆಳಗೆ ಸಹಿ ಹಾಕಿ, ಪುಸ್ತಕ ಮುಚ್ಚಿದರು. ಇಬ್ಬರೂ ಸೂಜಿ ನೋಡುತ್ತ ಕುಳಿತೆವು. ನಲವತ್ನಾಲ್ಕು, ನಲವತ್ತೇಳು. ಬಿಸಿಲು ವಿಮಾನದ ಮೂಗಿನ ಮೇಲೆ ಬಿದ್ದ ಮೇಲೆ ಐವತ್ತು ದಾಟಿತು.

ಒಂದು ಸುತ್ತು ಹಾರಿ ಇಳಿದೆವು. ಅವರು ಬೆಲ್ಟು ಬಿಚ್ಚಿ ಕೆಳಗಿಳಿದರು. ಬಾಗಿಲು ಹಾಕುವ ಮುಂಚೆ ತಲೆ ಒಳಗೆ ಹಾಕಿ, ತಾವು ಸೂಜಿ ನೋಡದೆ, ನನ್ನನ್ನು ಕೇಳಿದರು.

"ಎಣ್ಣಿ ಎಷ್ಟದ?"

"ತೊಂಬತ್ತ್ರಿ ಸರ್."

"ಹೋಗಬೇಕೋ ಬ್ಯಾಡೋ, ನೀನ ಹೇಳು."

"ಹೋಗ್ತೇನ್ರಿ," ಎಂದೆ. ಬಾಗಿಲು ಹಾಕಿಕೊಂಡೆ.