ನಕ್ಷತ್ರದ ಕಬ್ಬಿಣಕ್ಕೆ ಒಂದು ಹೋಳು ಲಿಂಬೆ

ನಮ್ಮ ಹಿತ್ತಲ ಲಿಂಬೆಗಿಡದ ಬುಡದಲ್ಲಿ ನಾನು ಅರ್ಧ ಕಿಲೋ ತುಕ್ಕು ಹಿಡಿದ ಮೊಳೆ ಹೂತಿದ್ದೇನೆ. ಹೇಳಿಕೊಳ್ಳಲು ನಾಚಿಕೆ. ಇಂಡಿ ಪಟ್ಟಣದ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಊರೋ, ಲಿಂಬೆಗೇ ಹೆಸರಾದದ್ದು. ಇಲ್ಲಿದ್ದೂ ಒಂದು ಗಿಡ ಸಾಕಲಾರದವನನ್ನು ನೋಡಿ ಜನ ಎದುರಿಗೆ ನಗುವುದಿಲ್ಲ, ಸಂದಿ ತಿರುಗಿದ ಮೇಲೆ ನಗುತ್ತಾರೆ.

ಗಿಡ ನೆಟ್ಟವಳು ನನ್ನ ಹೆಂಡತಿ ಶಾಂತಾ. ಅದರ ನೆರಳಲ್ಲಿ ಚಹಾ ಕುಡಿಯುತ್ತ ಪೇಪರು ಓದುವುದು ನಿವೃತ್ತಿಯಲ್ಲಿ ನನಗೆ ಸಿಕ್ಕ ಒಂದೇ ದೊಡ್ಡ ಸುಖ. ಅಂಥ ಗಿಡದ ಚಿಗುರೆಲ್ಲ ಹಳದಿಯಾಗಿ, ಹೀಚು ಉದುರತೊಡಗಿತು. ಶಾಂತಾ ಗಡುವು ಕೊಟ್ಟುಬಿಟ್ಟಳು: "ಬರೂ ಅಮಾಸಿಗೆ ಹಸರಾಗ್ಲಿಲ್ಲಂದ್ರ ಕಡಿಸಿ ಕರಿಬೇವು ಹಚ್ಚತೇನಿ. ನೀವು ನಡುವ ಬಾಯಿ ಹಾಕಬ್ಯಾಡ್ರಿ."

ಎಲೆಯ ನರ ಹಸಿರು, ನಡುವೆಲ್ಲ ಹಳದಿ. ಪುಸ್ತಕ ತೆರೆದೆ: ಕಬ್ಬಿಣದ ಕೊರತೆ. ಅಲ್ಲಿಗೆ ಪುಸ್ತಕ ಮುಚ್ಚಬೇಕಿತ್ತು. ಆದರೆ ಕಬ್ಬಿಣ ಅಂದ ಕೂಡಲೇ ಆಕಾಶ ನೋಡುವ ಚಟ ನನ್ನದು. ನಮ್ಮ ಸೂರ್ಯ ಎಷ್ಟೇ ಉರಿದರೂ ಒಂದು ಮೊಳೆಗಾಗುವಷ್ಟು ಕಬ್ಬಿಣ ಮಾಡಲಾರ. ಅದಕ್ಕೆ ಅವನಿಗಿಂತ ಬಹಳ ದೊಡ್ಡ ನಕ್ಷತ್ರವೇ ಬೇಕು. ಅದು ಹಗುರ ಅನಿಲ ಬೆಸೆದು ಇಂಗಾಲ, ಆಮ್ಲಜನಕ ಎಂದು ಒಂದೊಂದೇ ಭಾರದ ಧಾತು ಬೇಯಿಸುತ್ತ ಬರುತ್ತದೆ. ಹೊಟ್ಟೆಯಲ್ಲಿ ಕಬ್ಬಿಣ ಕೂಡಿತೋ, ಕಥೆ ಮುಗಿಯಿತು. ಕಬ್ಬಿಣ ಬೆಸೆದರೆ ಶಾಖ ಹುಟ್ಟುವುದಿಲ್ಲ. ಒಲೆ ಆರಿ, ಒಡಲು ಕುಸಿದು, ನಕ್ಷತ್ರ ಸಿಡಿಯುತ್ತದೆ. ಸಿಡಿಯುವ ಆ ಗಳಿಗೆಯಲ್ಲೂ ಸುಮ್ಮನಿರದೆ ಮತ್ತಷ್ಟು ಧಾತು ಮಾಡಿ, ಎಲ್ಲವನ್ನೂ ದಿಕ್ಕುದಿಕ್ಕಿಗೆ ತೂರಿಬಿಡುತ್ತದೆ. ಸಾಯುವಾಗಲೂ ಇಷ್ಟು ಧಾರಾಳ! ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕೆನ್ನಿಸುತ್ತದೆ.

ಹಾಗೆ ಮುಗಿದ ಕೈಯಿಂದಲೇ ಮೊಳೆ ಹೂತೆ. ಅಷ್ಟು ದೂರದಿಂದ ಬಂದ ಪದಾರ್ಥಕ್ಕೆ ಇನ್ನೆರಡು ಗೇಣು ಬೇರಿನ ದಾರಿ ಏನು ದೊಡ್ಡದು ಅಂದುಕೊಂಡೆ. ಗಿಡ ಇನ್ನಷ್ಟು ಹಳದಿಯಾಯಿತು.

ಅಮಾವಾಸ್ಯೆಗೆ ಹದಿನೈದು ದಿನವಿದ್ದಾಗ ಝಳಕಿಯ ರಜಿಯಾ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಕಡೆಯ ಬೆಂಚಿನವಳು. ಈಗ ಎರಡೆಕರೆ ಲಿಂಬೆತೋಟದ ಒಡತಿ. ಸಂತೆಗೆ ಬಂದಾಗ ಮನೆಗೂ ಬಂದು ಹೋಗುತ್ತಾಳೆ. ಮೊಳೆಯ ಸಂಗತಿ ಕೇಳಿ ಸೆರಗು ಬಾಯಿಗೆ ಹಿಡಿದು ನಕ್ಕಳು.

"ನಮ್ಮ ನೆಲದಾಗ ಕಬ್ಬಿಣಕ್ಕೇನು ಬರ ಐತ್ರಿ, ಸರ? ಬೇಕಾದಷ್ಟು ಐತಿ. ಸುಣ್ಣ ಹೆಚ್ಚಾಗಿ, ಇದ್ದದ್ದನ್ನ ಗಿಡಕ್ಕ ಬಿಟ್ಟುಕೊಡವಲ್ದು."

ಮರುವಾರ ಬರಬೇಕಾದವಳು ಮರುದಿನವೇ ಬಂದಳು, ಅನ್ನಭೇದಿ ತಂದಳು. ಕಬ್ಬಿಣದ ಆ ಹಸಿರು ಉಪ್ಪನ್ನು ಬಕೀಟು ನೀರಿಗೆ ಹಾಕಿ, ಒಂದು ಹೋಳು ಲಿಂಬೆ ಹಿಂಡಿದಳು.

"ಲಿಂಬಿಗಿಡಕ್ಕ ಲಿಂಬಿ ಹಿಂಡೂದೇನವಾ?" ಅಂತ ಕೇಳಿದೆ.

"ಹೂಂರಿ. ಹುಳಿ ಇಲ್ಲಂದ್ರ ಕಬ್ಬಿಣ ಕೆಂಪಾಗಿ ತಳಕ್ಕ ಕುಂದರ್ತೈತಿ. ಎಲಿಗೆ ಹತ್ತಂಗಿಲ್ಲ."

ಎಲೆಗಳ ಮೇಲೆ ಸಿಂಪಡಿಸುತ್ತ ಆಕೆ, ತಿರುಗಿ ನೋಡದೆ ಕೇಳಿದಳು: "ಒಂಬತ್ತನೇ ಕ್ಲಾಸಿನ್ಯಾಗ ನಾ ಕೇಳಿದ್ದೆ, ನೆನಪೈತ್ರಿ ಸರ? ಗಣಿಯೊಳಗ ಕಬ್ಬಿಣ ಎಲ್ಲಿಂದ ಬಂತು ಅಂತ. 'ಪರೀಕ್ಷೆಗೆ ಬರಂಗಿಲ್ಲ, ಕುಂದರು' ಅಂದ್ರಿ."

ನೆನಪಿರಲಿಲ್ಲ. ಆದರೆ ಅಂದಿರುತ್ತೇನೆ, ನನ್ನ ದನಿ ನನಗೆ ಗೊತ್ತು. ಕೆಂಡ ತುಳಿದಂತಾಯಿತು. ಉತ್ತರ ಆಗಲೂ ನನಗೆ ಗೊತ್ತಿತ್ತು, ಅದೇ ಹೆಚ್ಚು ಚುಚ್ಚಿತು. ಅಲ್ಲೇ ಕಟ್ಟೆಯ ಮೇಲೆ ಕೂತು, ಸಿಡಿದ ನಕ್ಷತ್ರದ ಕಥೆಯನ್ನೆಲ್ಲ ಹೇಳಿದೆ. ಬಕೀಟಿನೊಳಗಿನದೂ ಅದೇ, ನಿನ್ನ ರಕ್ತದೊಳಗಿನದೂ ಅದೇ ಅಂದೆ. ರಜಿಯಾ ಸಿಂಪಡಿಸುವುದು ನಿಲ್ಲಿಸಿ ತನ್ನ ಅಂಗೈ ನೋಡಿಕೊಂಡಳು.

"ಅಷ್ಟು ದೂರದಿಂದ ಬಂದದ್ದಕ್ಕ," ಅಂದಳು, "ಕಡೀಕ ಒಂದು ಹೋಳು ಲಿಂಬಿ ಬೇಕಾತು ನೋಡ್ರಿ."

ಅಮಾವಾಸ್ಯೆಯ ಬೆಳಿಗ್ಗೆ ಶಾಂತಾ ಕೊಡಲಿಯವನನ್ನು ಕರೆಸಲಿಲ್ಲ. ಗಿಡದ ಕೆಳಗೇ ಚಹಾ ತಂದಿಟ್ಟಳು. ತಲೆಯ ಮೇಲೆ ಹಸಿರು ಚಿಗುರು. ಬುಡದ ಮೊಳೆಗಳನ್ನು ಮಾತ್ರ ನಾನು ತೆಗೆದಿಲ್ಲ, ನೆನಪಿಗಿರಲಿ ಎಂದು. ಮೂವತ್ತು ವರ್ಷ ಬೋರ್ಡಿನ ಮುಂದೆ ಸುಣ್ಣದ ಕಡ್ಡಿ ಹಿಡಿದ ನನ್ನೊಳಗೂ ಕಬ್ಬಿಣ ಕಡಿಮೆಯಿರಲಿಲ್ಲ, ಕೇಳಿದ ಮಕ್ಕಳಿಗೆ ಬಿಟ್ಟುಕೊಟ್ಟಿರಲಿಲ್ಲ, ಅಷ್ಟೆ.